ಆ ಗಡಿಗೆಯಲ್ಲಿ ಅತ್ತೆ ಇರಲಿಲ್ಲ

ಗಂಗವ್ವನ ಗಡಿಗೆಯಲ್ಲಿ ನಮ್ಮ ಅತ್ತೆ ಇರಲಿಲ್ಲ. ಇದ್ದದ್ದು ಸುಡುಗಾಡಿನ ಬೋಕಿ, ಒಡೆದ ಗಡಿಗೆಯ ಚೂರು. ಆಯ್ದು ತಂದವಳು ನಾನು, ಅತ್ತೆಯ ಗಡಿಗೆಯ ಚೂರು ಅಂತ ಹೇಳಿ ಕೊಟ್ಟವಳೂ ನಾನು. ಗೊತ್ತಿಲ್ಲದೆ ಆದದ್ದಲ್ಲ — ಗೊತ್ತಿದ್ದೇ ಮಾಡಿದೆ. ಎಂಟು ವರ್ಷ ಬಾಯಿ ಮುಚ್ಚಿಕೊಂಡಿದ್ದೆ.

ಗಂಗವ್ವ ನನ್ನ ನೆಗೆಣ್ಣಿ, ಮೈದುನನ ಹೆಂಡತಿ. ನಾವು ಕುಂಬಾರರು. ಊರು ಕಂಪ್ಲಿಯ ಆಚೆ, ಹೊಳೆಯ ದಂಡೆಗೆ. ನಮ್ಮಲ್ಲಿ ತಿಗರಿ, ಅಂದರೆ ಗಡಿಗೆ ತಿರುಗಿಸುವ ಗಾಲಿ, ಗಂಡಸರದು. ಹೆಂಗಸರು ಮಣ್ಣು ತುಳಿಯಬೇಕು, ಹರಳು ಆರಿಸಬೇಕು, ಅರ್ಧ ಒಣಗಿದ ಗಡಿಗೆಯ ತಳವನ್ನು ಹಲಗೆಯಿಂದ ಬಡಿದು ದುಂಡಗೆ ಮಾಡಬೇಕು, ತಲೆಯ ಮೇಲೆ ಹೊತ್ತು ಸಂತೆಗೆ ಹೋಗಬೇಕು. ತಿಗರಿ ಮಾತ್ರ ಮುಟ್ಟುವಂತಿಲ್ಲ. ಅದು ಶಿವನ ಪೀಠ ಅನ್ನುತ್ತಿದ್ದರು. ನಾನು ಮುಟ್ಟಲಿಲ್ಲ. ಮುಟ್ಟಬೇಕು ಅಂತ ಅನ್ನಿಸಲೂ ಇಲ್ಲ — ಇರುವ ಕೆಲಸವೇ ಸಾಕಾಗಿತ್ತು.

ಗಂಗವ್ವ ಮುಟ್ಟಿದಳು. ಮದುವೆಯಾಗಿ ಬಂದ ಎರಡನೇ ಬೇಸಿಗೆ ಇರಬೇಕು. ಗಂಡಸರು ಉಣ್ಣಲು ಎದ್ದಿದ್ದರು, ತಿಗರಿ ಇನ್ನೂ ಸುತ್ತುತ್ತಿತ್ತು, ಮೇಲೆ ಒಂದು ಮುದ್ದೆ ಮಣ್ಣು ಉಳಿದಿತ್ತು. ಇವಳು ಹೋಗಿ ಎರಡೂ ಹೆಬ್ಬೆರಳು ಇಟ್ಟಳು. ಅಷ್ಟೇ. ಬಾಗಿಲಲ್ಲಿ ಅತ್ತೆ ನಿಂತಿದ್ದಳು. ಕೂಗಾಡಲಿಲ್ಲ, ಹೊಡೆಯಲಿಲ್ಲ. ಒಂದೇ ಮಾತು.

“ತಿಗರಿ ಮುಟ್ಟಿದ ಕೈಲಿಂದ ನನಗ ನೀರು ಬ್ಯಾಡ.”

ಅತ್ತೆ ಆಡಿದರೆ ಆಡಿದ್ದೇ. ಅಣ್ಣತಮ್ಮಂದಿರು ಬೇರೆಯಾದಾಗ ಅವಳು ನಮ್ಮ ಪಾಲಿಗೆ ಬಂದಳು. ಹಬ್ಬಕ್ಕೆ ಗಂಗವ್ವನ ಮನೆಗೆ ಹೋದರೆ ಹೋಳಿಗೆ ತಿನ್ನುತ್ತಿದ್ದಳು, ಆದರೆ ನೀರನ್ನು ಮಾತ್ರ ನಾನು ನಮ್ಮ ಮನೆಯಿಂದ ಚೊಂಬಿನಲ್ಲಿ ಒಯ್ಯಬೇಕು. ಹೀಗೆ ಎಷ್ಟೋ ವರ್ಷ. ಕೊನೆಗೆ ಸಾಯುವ ಹೊತ್ತಿಗೆ ಒಬ್ಬೊಬ್ಬರೇ ಬಾಯಿಗೆ ನೀರು ಬಿಟ್ಟೆವು. ಗಂಗವ್ವ ಬಗ್ಗಿದಳು. ಅತ್ತೆ ಹಲ್ಲು ಕಚ್ಚಿದಳು. ನೀರು ಗದ್ದದ ಮೇಲೆ ಹರಿಯಿತು. ನಾನೇ ಸೆರಗಿನಿಂದ ಒರೆಸಿದೆ. ಜೀವ ಹೋಗುವಾಗ ಹಲ್ಲು ಕಚ್ಚುವುದುಂಟು ಅಂತ ಗಂಗವ್ವನಿಗೆ ಹೇಳಬಹುದಿತ್ತು — ಹೇಳಲಿಲ್ಲ. ನಾನು ಸಮಾಧಾನ ಮಾಡುವ ಹೆಂಗಸಲ್ಲ.

ಅತ್ತೆಯ ಹಿಂದೆ ಐದು ಗಡಿಗೆ ಉಳಿದವು. ಮಾವ ತಿರುಗಿಸಿದ್ದು, ಅತ್ತೆ ಬಡಿದದ್ದು. ಎರಡು ಒಡೆದಿದ್ದವು, ಒಂದಕ್ಕೆ ಕಂಠವಿರಲಿಲ್ಲ. ಆ ಹೊತ್ತಿಗೆ ನಮ್ಮ ಕಸುಬೂ ಮುಗಿದಿತ್ತು. ಗಂಡಸರು ಸಂಡೂರಿನ ಗಣಿ ಕಡೆ ಲಾರಿಗೆ ಹೋದರು, ತಿಗರಿ ಅಟ್ಟ ಸೇರಿತು, ಅಡುಗೆಮನೆಗೆ ಸ್ಟೀಲು ಬಂತು. ಮರುವರ್ಷ ಹಿತ್ತಲಲ್ಲಿ ಕಕ್ಕಸು ಕಟ್ಟಿಸಿದೆವು. ನೆಲಕ್ಕೆ ತುಂಬಲು ಕಲ್ಲುಮಣ್ಣು ಸಾಲಲಿಲ್ಲ. “ಹಳೇ ಬೋಕಿ ಏನರ ಅದಾವೇನಬೇ?” ಅಂತ ಗೌಂಡಿ ಕೇಳಿದ. ಅತ್ತೆಯ ಐದೂ ಗಡಿಗೆ ತಂದು ಅವನ ಮುಂದೆ ಸುರಿದೆ. ಗಟ್ಟಿ ಇದ್ದವನ್ನು ನಾನೇ ಒಡೆದುಕೊಟ್ಟೆ. ಅವತ್ತು ನನಗೆ ಏನೂ ಅನ್ನಿಸಲಿಲ್ಲ. ಹೋದ ಜೀವ ಗಡಿಗೆಯಲ್ಲಿ ಕೂತಿರುತ್ತದೆಯೇ ಅನ್ನುವವಳು ನಾನು.

ಅದಾದ ಮೇಲೆ ಅಗ್ನಿಯಮ್ಮ ಬಂದಳು.

ಅವಳ ಹೆಸರು ಆಗ್ನೆಸ್. ನಮ್ಮ ಬಾಯಲ್ಲಿ ಅಗ್ನಿಯಮ್ಮ ಆದಳು. ಹಂಪಿ ಕಡೆ ಕೈಕಸುಬಿನ ಸಂಸ್ಥೆಯವರು ಹದಿನೈದು ದಿನ ಗಡಿಗೆ ಮಾಡುವುದನ್ನು ಕಲಿಸುತ್ತಾರೆ, ಕುಂಬಾರರ ಹೆಂಗಸರು ಬರಬೇಕು ಅಂತ ಊರಿಗೆ ಹೇಳಿಕಳಿಸಿದ್ದರು. ಮಧ್ಯಾಹ್ನ ಊಟ ಹಾಕುತ್ತಾರೆ ಅಂತ ನಾನು ಹೋದೆ. ಗಂಗವ್ವ ಯಾಕೆ ಬಂದಳೋ — ಕೇಳಲಿಲ್ಲ. ದಿನವೂ ಕಂಪ್ಲಿಯಿಂದ ಒಂದೇ ಬಸ್ಸಿನಲ್ಲಿ ಹೋಗಿಬಂದೆವು.

ಕಲಿಸುವವಳು ಅಮೆರಿಕದವಳು ಅಂತ ಕೇಳಿ ಬೆಳ್ಳಗೆ ಇರುತ್ತಾಳೆ ಅಂದುಕೊಂಡಿದ್ದೆವು. ಬಂದವಳು ನಮ್ಮ ಬಣ್ಣದವಳು. ನನ್ನದೇ ವಯಸ್ಸು, ನೆರೆತ ಕೂದಲು, ದಪ್ಪ ಮೈ, ನನ್ನಂತೆಯೇ ಮೊಣಕಾಲು ಹಿಡಿದು ಕೂರುವವಳು. ಪ್ವೆಬ್ಲೊ ಅನ್ನುತ್ತಾರಂತೆ ಅವರ ಜನವನ್ನು. ಬಿಳಿಯರು ಬರುವುದಕ್ಕಿಂತ ಎಷ್ಟೋ ಮೊದಲಿನಿಂದ ಅಲ್ಲಿ ಮಣ್ಣಿನ ಮನೆ ಕಟ್ಟಿಕೊಂಡು ಇದ್ದವರು. ಅವಳ ಮಾತನ್ನು ಹೊಸಪೇಟೆಯ ಒಬ್ಬ ಟೀಚರಮ್ಮ ಕನ್ನಡ ಮಾಡಿ ಹೇಳುತ್ತಿದ್ದರು.

ಮೊದಲ ದಿನ ಕೆರೆಯಂಗಳಕ್ಕೆ ಮಣ್ಣು ತರಲು ಕರೆದೊಯ್ದಳು. ಗುದ್ದಲಿ ಎತ್ತುವ ಮೊದಲು ಸೊಂಟದ ಚೀಲದಿಂದ ಚಿಟಿಕೆ ಮೆಕ್ಕೆಜೋಳದ ಹಿಟ್ಟು ತೆಗೆದು ಮಣ್ಣಿನ ಮೇಲೆ ಉದುರಿಸಿ ಏನೋ ಪಿಸುಗುಟ್ಟಿದಳು. ಟೀಚರಮ್ಮ ಅದನ್ನು ಕನ್ನಡ ಮಾಡಲು ಬಾಯಿ ತೆರೆದರು. ಬೇಕಾಗಲಿಲ್ಲ. ನಮ್ಮಲ್ಲೂ ಅರಿಶಿನ ಕುಂಕುಮ ಇಟ್ಟೇ ಮಣ್ಣು ತೆಗೆಯುವುದು. ಅಷ್ಟು ದೂರದ ದೇಶದಲ್ಲೂ ಭೂಮಿಯನ್ನು ಕೇಳಿಯೇ ತೆಗೆಯುತ್ತಾರೆ ಅಂತ — ಯಾಕೋ ನನ್ನ ಮೈ ಜುಮ್ಮೆಂದಿತು. ನನಗೆ ಹಾಗೆಲ್ಲ ಆಗುವುದಿಲ್ಲ.

ಆಮೇಲೆ ಅವಳು ಮಾಡಿದ್ದನ್ನು ಹೇಗೆ ಹೇಳಲಿ? ತಿಗರಿ ಇಲ್ಲ. ರೊಟ್ಟಿ ತಟ್ಟಿದಂತೆ ಮಣ್ಣು ತಟ್ಟಿ ಒಂದು ಬೋಗುಣಿಯಲ್ಲಿ ಕೂರಿಸಿದಳು. ಬತ್ತಿ ಹೊಸೆದಂತೆ ಮಣ್ಣಿನ ಹುರಿ ಹೊಸೆದು ಅಂಚಿನ ಮೇಲೆ ಸುತ್ತಿದಳು. ಅದರ ಮೇಲೆ ಇನ್ನೊಂದು ಸುತ್ತು. ಬೆರಳಿನಿಂದ ಚಿವುಟಿ ಕೂಡಿಸಿದಳು, ಸೋರೆಬುರುಡೆಯ ಚೂರಿನಿಂದ ಒಳಗಿನಿಂದ ನೀವಿದಳು. ಹೊಟ್ಟೆ ಉಬ್ಬಿತು, ಹೆಗಲು ಬಂತು, ಕಂಠ ಬಂತು. ಗಡಿಗೆ ತಿರುಗಲಿಲ್ಲ. ಅವಳ ಕೈ ಗಡಿಗೆಯ ಸುತ್ತ ತಿರುಗಿತು. ನಲವತ್ತು ವರ್ಷ ಕುಂಬಾರರ ಮನೆಯಲ್ಲಿ ಬಾಳಿದ್ದೇನೆ, ಗಡಿಗೆ ಹುಟ್ಟುವುದನ್ನು ಅವತ್ತೇ ನೋಡಿದೆ ಅನ್ನಿಸಿತು. ತಿಗರಿಯ ಮೇಲೆ ಅದು ಕಣ್ಣು ಮಿಟುಕಿಸುವುದರಲ್ಲಿ ಆಗಿಹೋಗುತ್ತದೆ. ಇಲ್ಲಿ ಕೂಸು ಬೆಳೆದಂತೆ ಬೆರಳು ಬೆರಳಷ್ಟೇ ಮೇಲಕ್ಕೆ ಬಂತು. ಹನ್ನೊಂದು ಜನ ಹೆಂಗಸರು ಬಂದಿದ್ದೆವು, ಒಬ್ಬೊಬ್ಬರೇ ಮಣ್ಣಿಗೆ ಕೈ ಹಾಕಿದೆವು.

ಗಂಗವ್ವ ಮಾತ್ರ ಗೋಡೆಗೆ ಒರಗಿ ನಿಂತಿದ್ದಳು. ಮಣ್ಣು ಮುಟ್ಟಿರಲಿಲ್ಲ.

“ಅಲ್ರಿ ಟೀಚರ್, ಅವರ ಊರಾಗ ಹೆಂಗಸರು ಮುಟ್ಟಬಹುದೇನು ಅಂತ ಕೇಳ್ರಿ” ಅಂದಳು.

ಅಗ್ನಿಯಮ್ಮ ಜೋರಾಗಿ ನಕ್ಕಳು. ಅಲ್ಲಿ ಹೆಚ್ಚಾಗಿ ಹೆಂಗಸರೇ ಮಾಡುವುದಂತೆ. ಅಜ್ಜಿ ತಾಯಿಗೆ ಕಲಿಸುತ್ತಾಳೆ, ತಾಯಿ ಮಗಳಿಗೆ. ಹಳೆಯ ಕಾಲದಿಂದ ತಿಗರಿಯೇ ಇಲ್ಲವಂತೆ.

“ಮುಟ್ಟಬ್ಯಾಡ ಅನ್ನಾಕ ತಿಗರಿನ ಇಲ್ಲ ಅಂದಂಗಾತು” ಅಂದಳು ಗಂಗವ್ವ. ಬಂದು ಕೂತಳು.

ಅವಳ ಕೈಯನ್ನು ಅವತ್ತು ನೋಡಿದೆ. ಒಂದೇ ಮನೆಯಲ್ಲಿ ಅಷ್ಟು ವರ್ಷ ರೊಟ್ಟಿ ತಟ್ಟಿದ ಕೈ, ನಾನು ನೋಡಿಯೇ ಇರಲಿಲ್ಲ. ನಾನು ಹೊಸೆದ ಹುರಿ ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ. ಅವಳದು ಹಾವಿನ ಮರಿಯಂತೆ ಜಾರಿ ಬಂದು ತಾನಾಗಿಯೇ ಸುತ್ತಿಕೊಂಡಿತು. ಮೂರನೇ ದಿನಕ್ಕೆ ಅಗ್ನಿಯಮ್ಮ ತನ್ನ ಕೆಲಸ ಬಿಟ್ಟು ಇವಳ ಎದುರು ಬಂದು ಕೂತಳು. ಒಬ್ಬರ ಮಾತು ಒಬ್ಬರಿಗೆ ಬಾರದು. ಟೀಚರಮ್ಮ ಚಹಾ ಕುಡಿಯುತ್ತ ಕೂತರು.

ಬರೀ ಮಣ್ಣಿನಿಂದ ಮಾಡಿದರೆ ಬೆಂಕಿಯಲ್ಲಿ ಸೀಳುತ್ತದೆ. ನಾವು ಹೊಳೆಯ ಮರಳು, ಬೂದಿ ಬೆರೆಸುತ್ತೇವೆ. ಅಗ್ನಿಯಮ್ಮನ ಕಡೆ ಹಳೆಯ ಗಡಿಗೆಯ ಬೋಕಿಯನ್ನು ಕುಟ್ಟಿ ಪುಡಿ ಮಾಡಿ ಹೊಸ ಮಣ್ಣಿಗೆ ಸೇರಿಸುತ್ತಾರೆ. ಅವಳು ಹೇಳಿದ್ದು ನನಗೆ ಇನ್ನೂ ಬಾಯಿಪಾಠ — ನನ್ನ ಗಡಿಗೆಯಲ್ಲಿ ನನ್ನ ಅಜ್ಜಿಯ ಗಡಿಗೆ ಇದೆ, ಅದರಲ್ಲಿ ಅವಳ ಅಜ್ಜಿಯದು. ಒಡೆದದ್ದು ಯಾವುದೂ ಹೊರಗೆ ಹೋಗುವುದಿಲ್ಲ. ನೀವೂ ನಿಮ್ಮ ಮನೆಯ ಹಿರಿಯರ ಗಡಿಗೆಯ ಚೂರು ತನ್ನಿ.

ಬಸ್ಸಿನಲ್ಲಿ ಗಂಗವ್ವ ನನ್ನ ಕೈ ಹಿಡಿದುಕೊಂಡಳು.

“ಅಕ್ಕಾ, ಅತ್ತಿ ಗಡಿಗಿ ನಿಮ್ಮನ್ಯಾಗ ಅದಾವಲ್ಲ. ನಾಕು ಚೂರು ಕೊಡು. ನಾ ನೀರಿನ ಗಡಿಗಿ ಮಾಡತೀನಿ. ನನ್ನ ಕೈನೀರು ಆಗ ಅಕಿ ಒಳಗ ಇಳೀಲೇಬೇಕಲ್ಲ.”

ಆಗಲೇ ಹೇಳಬೇಕಿತ್ತು — ಲೇ, ಅವು ಕಕ್ಕಸಿನ ಕೆಳಗ ಅದಾವ. ಎಷ್ಟು ಹೊತ್ತಿನ ಮಾತು? ಊರಿಗೆಲ್ಲ ಇದ್ದದ್ದು ಇದ್ದ ಹಾಗೆ ಹೇಳುವವಳು ಅಂತ ನನಗೆ ಹೆಸರು. ಆದರೆ ನನ್ನ ಕೈಯಲ್ಲಿ ಅವಳ ಕೈ ಇತ್ತು, ಇನ್ನೂ ಮಣ್ಣು ಮೆತ್ತಿತ್ತು, ಮತ್ತೆ ನಾನು... ನಾಚಿಕೆಯಾಯಿತು. ಅಷ್ಟೇ. ಅತ್ತೆಯ ಗಡಿಗೆಯನ್ನು ಎಲ್ಲಿಗೆ ಹಾಕಿದೆ ಅಂತ ಹೇಳಲು ಮೊದಲ ಸಲ ನಾಚಿಕೆಯಾಯಿತು.

ಮರುದಿನ ಹೊಳೆಗೆ ಬಟ್ಟೆ ಒಗೆಯಲು ಹೋದೆ. ದಾರಿಯಲ್ಲೇ ಸುಡುಗಾಡು. ಹೆಣದ ಸುತ್ತ ನೀರಿನ ಗಡಿಗೆ ಹೊತ್ತು ಮೂರು ಸುತ್ತು ಬಂದು ಹಿಂದಕ್ಕೆ ಒಗೆದು ಒಡೆಯುತ್ತಾರಲ್ಲ, ಆ ಬೋಕಿ ಅಲ್ಲಿ ರಾಶಿ ಬಿದ್ದಿರುತ್ತದೆ. ಯಾರೂ ಮುಟ್ಟುವುದಿಲ್ಲ. ಆ ಕಡೆ ಈ ಕಡೆ ನೋಡಿ ಉಡಿ ತುಂಬ ಆಯ್ದುಕೊಂಡೆ. ಹೊಳೆಯಲ್ಲಿ ತಿಕ್ಕಿ ತೊಳೆದೆ, ಒಣಗಿಸಿದೆ, ಹಳೆಯ ಸೀರೆಯ ತುಂಡಿನಲ್ಲಿ ಕಟ್ಟಿದೆ — ಅತ್ತೆಯದೇ ಸೀರೆ. ಇಷ್ಟು ಚೊಕ್ಕವಾಗಿ ನಾನು ಯಾವ ಕೆಲಸವನ್ನೂ ಮಾಡಿದವಳಲ್ಲ.

“ಅತ್ತಿವು” ಅಂದೆ. “ಹಿತ್ತಲದಾಗ ಉಳದಿದ್ವು.”

ಗಂಗವ್ವ ಒಂದೊಂದೇ ಚೂರನ್ನು ಕಣ್ಣಿಗೆ ಒತ್ತಿಕೊಂಡಳು. ನಾನು ಬೇರೆ ಕಡೆ ನೋಡಿದೆ.

ಆ ಗಡಿಗೆಯನ್ನು ಅವಳು ನಾಲ್ಕು ದಿನ ಮಾಡಿದಳು. ಹೊಳೆಯ ನುಣುಪುಗಲ್ಲಿನಿಂದ ತಿಕ್ಕಿ ತಿಕ್ಕಿ, ಕೊನೆಗೆ ಅದರ ಹೊಟ್ಟೆಯಲ್ಲಿ ಅವಳ ಮುಖ ಮಸುಕಾಗಿ ಕಾಣುತ್ತಿತ್ತು. ಸುಡುವ ದಿನ ಅಗ್ನಿಯಮ್ಮ ಸಗಣಿಯ ಕುಳ್ಳು ತರಿಸಿ ಗಡಿಗೆಗಳ ಸುತ್ತ ಗೋಪುರದಂತೆ ಜೋಡಿಸಿದಳು. ಪಕ್ಕದ ಹಳ್ಳಿಯ ಈರಮ್ಮ, “ಕುಳ್ಳು ಸುಡಾದು ಕಲಿಸಾಕ ಅಮೆರಿಕದಿಂದ ಬರಬೇಕಾತೇನ ಯವ್ವ?” ಅಂದಳು. ಎಲ್ಲರೂ ಬಿದ್ದು ಬಿದ್ದು ನಕ್ಕೆವು. ಟೀಚರಮ್ಮ ಹೇಳಿದ ಮೇಲೆ ಅಗ್ನಿಯಮ್ಮನೂ ನಕ್ಕಳು. ಆಮೇಲೆ ಬೆಂಕಿ ಹತ್ತಿತು. ಉರಿ ಇಳಿದು ಬೂದಿ ಸರಿಸಿದಾಗ ಗಂಗವ್ವನ ಗಡಿಗೆ ಹೊರಬಂತು. ಕೆಂಪು, ಹೆಗಲ ಮೇಲೆ ಮೋಡದಂತೆ ಒಂದು ಕಪ್ಪು ಮಚ್ಚೆ. ಬೆರಳಿನಿಂದ ತಟ್ಟಿದರೆ ಗಂಟೆಯ ನಾದ. ಅಗ್ನಿಯಮ್ಮ ಎರಡೂ ಕೈಯಿಂದ ಎತ್ತಿ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. ಆ ಚಂದ ಪೂರಾ ಅವಳ ಕೈಯದು. ಅದರೊಳಗೆ ನನ್ನ ಸುಳ್ಳು ಒಂದು ಹಿಡಿ.

ಮನೆಗೆ ತಂದು ನೀರು ತುಂಬಿದಳು. “ಕುಡಿ ಅತ್ತಿ” ಅಂದಳು. ಬೆಳಿಗ್ಗೆ ನೋಡಿದರೆ ನೀರು ಎರಡು ಬೆರಳು ಇಳಿದಿತ್ತು. ಹೊಸ ಗಡಿಗೆ ನೀರು ಹೀರುತ್ತದೆ — ಕುಂಬಾರರ ಮನೆಯವರಿಗೆ ಗೊತ್ತಿಲ್ಲದ್ದೇ? ಅವಳಿಗೂ ಗೊತ್ತಿತ್ತು. ಆದರೂ ನಮ್ಮ ಮನೆಯ ತನಕ ಬರಿಗಾಲಲ್ಲಿ ಓಡಿ ಬಂದು ಹೇಳಿದಳು.

“ಕುಡದಾಳ ಅಕ್ಕಾ.”

ನಾನು ಹೂಂ ಅಂದೆ.

ಆ ಹೂಂ ಎಂಟು ವರ್ಷ ನಡೆಯಿತು. ಗಂಗವ್ವ ಬೇರೆ ಹೆಂಗಸಾದಳು. ಬೆನ್ನು ನೆಟ್ಟಗಾಯಿತು, ಅತ್ತೆಯ ಹೆಸರೆತ್ತಿದರೆ ಕಣ್ಣು ತಗ್ಗಿಸುವುದು ನಿಂತಿತು. ತನ್ನ ಅಂಗಳದಲ್ಲೇ ಊರ ಹುಡುಗಿಯರಿಗೆ, ಸೊಸೆಯಂದಿರಿಗೆ ಕೈಯಿಂದ ಗಡಿಗೆ ಮಾಡುವುದನ್ನು ಕಲಿಸತೊಡಗಿದಳು. ನೋಡಿ, ಸುಳ್ಳಿನಿಂದ ಒಳ್ಳೆಯದೇ ಆಯಿತಲ್ಲ ಅಂತ ನೀವು ಅನ್ನಬಹುದು. ಅತ್ತೆಯನ್ನು ಸುಟ್ಟದ್ದೂ ಅದೇ ದಂಡೆಯಲ್ಲಿ, ಅವಳ ಹೆಸರಿನ ಗಡಿಗೆ ಒಡೆದದ್ದೂ ಅಲ್ಲೇ, ಅದರದೊಂದು ಚೂರು ನಿನ್ನ ಉಡಿಗೆ ಬಂದಿರಬಹುದಲ್ಲ ಅಂತಲೂ ಅನ್ನಬಹುದು. ಇರಬಹುದು. ಆದರೆ ನಾನು ಅದನ್ನು ಹುಡುಕಿ ಆಯ್ದದ್ದಲ್ಲ. ಕೈಗೆ ಸಿಕ್ಕಿದ್ದನ್ನು ತಂದೆ. ಆ ಮಾತಿನ ಹಿಂದೆ ನಾನು ಅಡಗುವುದಿಲ್ಲ.

ಹೋದ ತಿಂಗಳು ಬೆಕ್ಕು ಹಾರಿ ಆ ಗಡಿಗೆಯನ್ನು ಕೆಡವಿತು. ನಾನು ಮೊಮ್ಮಗಳ ಬಾಣಂತನಕ್ಕೆ ಮರಿಯಮ್ಮನಹಳ್ಳಿಗೆ ಹೋಗಿದ್ದೆ. ತಿರುಗಿ ಬಂದಾಗ ಗಂಗವ್ವನ ಅಂಗಳದಲ್ಲಿ ಏಳು ಹಸಿ ಗಡಿಗೆ ಸಾಲಾಗಿ ಒಣಗುತ್ತಿದ್ದವು. ಆರು ಅವಳ ಹತ್ತಿರ ಕಲಿಯುವ ಹೆಣ್ಣುಮಕ್ಕಳದು, ಒಂದು ಅವಳದು. ಒಡೆದ ಗಡಿಗೆಯನ್ನು ಕುಟ್ಟಿ ಒಬ್ಬೊಬ್ಬರಿಗೆ ಒಂದೊಂದು ಹಿಡಿ ಹಂಚಿದ್ದಳು.

“ಅತ್ತಿ ಒಬ್ಬಾಕಿ ಇದ್ದಳು, ಈಗ ಏಳು ಮನಿ ಆದವು ನೋಡಕ್ಕ” ಅಂದಳು. “ನಾಳಿ ಬೆಳಿಗ್ಗೆ ಸುಡತೀವಿ. ಹಿರೇಸೊಸಿ ನೀನು. ಬೆಂಕಿ ನೀನ ಹಚ್ಚಬೇಕು.”

ಕಲಿಯುವವರಲ್ಲಿ ರೇಣುಕಾ ಅನ್ನುವವಳು ಬಾಯಾಳಿ. “ದೊಡ್ಡವ್ವಾ, ನಿಮ್ಮತ್ತಿ ಭಾಳ ಬಿರುಸಂತಲ್ಲ. ಸಾರಿಗೆ ಉಪ್ಪು ಹೆಚ್ಚಾದ್ರ ಗಡಿಗ್ಯಾಗಿಂದ ಬೈತಾಳೇನು?” ಅಂದಳು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ಹಸಿ ಗಡಿಗೆ ಬೇರೆ, ಸುಟ್ಟ ಗಡಿಗೆ ಬೇರೆ. ಹಸಿಯದನ್ನು ನೀರಿಗೆ ಹಾಕಿದರೆ ಮತ್ತೆ ಮಣ್ಣಾಗುತ್ತದೆ. ಬೆಂಕಿ ಕಂಡ ಮೇಲೆ ಯಾರಪ್ಪನ ಕೈಯಲ್ಲೂ ಅದನ್ನು ಮಣ್ಣು ಮಾಡಲು ಆಗದು. ನಾಳೆ ಬೆಂಕಿ ಹಚ್ಚಿದರೆ ನನ್ನ ಸುಳ್ಳು ಏಳು ಮನೆಯಲ್ಲಿ ಗಟ್ಟಿಯಾಗುತ್ತದೆ. ಅವು ಒಡೆದರೆ ಕುಟ್ಟಿ ಎಪ್ಪತ್ತು ಮನೆಗೆ ಹಂಚುತ್ತಾರೆ. ಅಗ್ನಿಯಮ್ಮ ಹೇಳಿದ್ದು ಅದನ್ನೇ ಅಲ್ಲವೇ, ಒಳಗೆ ಸೇರಿದ್ದು ಹೊರಗೆ ಹೋಗುವುದಿಲ್ಲ ಅಂತ. ಅವತ್ತು ಅದನ್ನು ಕೇಳಿ ಎಷ್ಟು ದೊಡ್ಡ ಮಾತು ಅಂದುಕೊಂಡಿದ್ದೆ. ಅದು ನನ್ನ ಮೇಲೂ ಬೀಳುತ್ತದೆ ಅಂತ ತಿಳಿದದ್ದು ಆ ಸಾಲಿನ ಮುಂದೆ ನಿಂತಾಗ.

ಹುಡುಗಿಯರು ಮನೆಗೆ ಹೋದ ಮೇಲೆ ಗಂಗವ್ವನ ಕಟ್ಟೆಯ ಮೇಲೆ ಕೂತು ಹೇಳಿದೆ. ಸುಡುಗಾಡಿನದು, ಕಕ್ಕಸಿನದು, ಎರಡೂ. ಸುತ್ತಿ ಬಳಸಿ ಹೇಳಲಿಲ್ಲ. ಅವಳು ಅಕ್ಕಿ ಆರಿಸುತ್ತಿದ್ದಳು. ಮೊರದಲ್ಲಿದ್ದ ಅಷ್ಟೂ ಅಕ್ಕಿ ಮುಗಿಯುವ ತನಕ ಆರಿಸಿದಳು. ಬೈಯಲಿ ಅಂತ ಕಾದೆ. ಕೊನೆಗೆ ಅವಳು ಅಂದದ್ದು ಇಷ್ಟು —

“ಹಂಗಾದ್ರ ಅತ್ತಿ ಕುಡದಿಲ್ಲ.”

ಹೌದು, ಕುಡಿದಿರಲಿಲ್ಲ.

ಮೊರ ಎತ್ತಿಕೊಂಡು ಒಳಗೆ ಹೋಗುವಾಗ ಬಾಗಿಲಲ್ಲಿ ನಿಂತಳು. ನನ್ನ ಕಡೆ ತಿರುಗಲಿಲ್ಲ. “ನಾಳಿ ಆ ಹುಡುಗೇರ ಮುಂದ ನೀನ ಹೇಳು. ನಾ ಹೇಳಂಗಿಲ್ಲ.”

ಮರುದಿನ ಬೆಳಿಗ್ಗೆ ಹೋದೆ. ಕೆಳಗಿನ ಸಾಲು ಕುಳ್ಳು ಜೋಡಿಸಿ ಆಗಿತ್ತು, ಗಡಿಗೆಗಳು ಇನ್ನೂ ಪಕ್ಕದಲ್ಲೇ ಇದ್ದವು. ಗಂಗವ್ವ ಒಂದು ಮೂಲೆಯಲ್ಲಿ ನಿಂತಿದ್ದಳು. ಆರೂ ಜನ ತಲೆಗೆ ಎರೆದುಕೊಂಡು, ಹೂ ಮುಡಿದು ಬಂದಿದ್ದರು. ಬೆಂಕಿಪೆಟ್ಟಿಗೆಯನ್ನು ನನ್ನ ಕೈಗೆ ಕೊಟ್ಟರು. ನಾನು ಅದನ್ನು ಕೆಳಗಿಟ್ಟು, ಬಚ್ಚಲಿನಿಂದ ಒಂದು ಬಕೆಟ್ ನೀರು ತಂದು ಅದರ ಪಕ್ಕದಲ್ಲಿ ಇಟ್ಟೆ. ಆಮೇಲೆ ಹಿಂದಿನ ದಿನ ಗಂಗವ್ವನಿಗೆ ಹೇಳಿದ್ದನ್ನೇ ಮತ್ತೆ ಹೇಳಿದೆ. “ಬೇಕಾದವರು ಸುಡ್ರಿ. ಬ್ಯಾಡಾದವರು ನೀರಿಗೆ ಹಾಕ್ರಿ. ಯಾರೂ ನನ್ನ ಮುಖ ನೋಡಬ್ಯಾಡ್ರಿ.”

ಒಬ್ಬಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. “ಸುಡುಗಾಡಂದು ಮನ್ಯಾಗ ಹೆಂಗ ಇಡಾದು?” ಅಂದಳು ಇನ್ನೊಬ್ಬಳು. ರೇಣುಕಾ ಮೆಲ್ಲಗೆ, “ಅದೂ ಯಾರದೋ ಅವ್ವಂದ ಅಲ್ಲೇನು?” ಅಂದಳು. ಅವಳು ತನ್ನ ಗಡಿಗೆಯನ್ನು ತಬ್ಬಿಕೊಂಡೇ ನಿಂತಳು. ಸುಡುವುದೋ ಬಿಡುವುದೋ ಅವರೇ ನೋಡಿಕೊಳ್ಳಲಿ. ಅದು ನನ್ನ ಪಾಲಿನ ಮಾತಲ್ಲ.

ಆಗ ಮೂಲೆಯಿಂದ ಗಂಗವ್ವ ಬಂದಳು. ತನ್ನ ಗಡಿಗೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ನನ್ನನ್ನು ದಾಟಿ ಹೋಗಿ ಬಕೆಟ್ಟಿನೊಳಗೆ ಇಳಿಸಿದಳು. ಗುಳುಗುಳು ಅಂತ ಗುಳ್ಳೆ ಎದ್ದವು. ಕಂಠ ಕುಸಿಯಿತು, ಹೆಗಲು ಜಾರಿತು, ಹೊಟ್ಟೆ ಮೆಲ್ಲಗೆ ಕೂತುಕೊಂಡಿತು. ಅಷ್ಟು ಚಂದದ್ದು ಅಷ್ಟು ಸುಲಭವಾಗಿ ಮಣ್ಣಾಗುವುದನ್ನು ಎಲ್ಲರೂ ಬಗ್ಗಿ ನೋಡಿದೆವು. ನೀರು ಅಂಚು ದಾಟಿ ನನ್ನ ಕಾಲ ಮೇಲೆ ಚೆಲ್ಲಿತು. ಇನ್ನೊಬ್ಬಳು ತನ್ನ ಗಡಿಗೆ ಹಿಡಿದು ಕಾಯುತ್ತಿದ್ದಳು, ಆ ಬಕೆಟ್ಟಿನಲ್ಲಿ ಜಾಗ ಇರಲಿಲ್ಲ.

ನಾನು ಇನ್ನೊಂದು ಬಕೆಟ್ ತರಲು ಹೋದೆ.